ಗ್ಲಾಸಿಗೆ ಬೇಡವಾದ ಐಸು

ಮಾರ್ಚ್ 4

ಪ್ರೀತಿಯ ತಮ್ಮನಿಗೆ,

ಫೋನಿನಲ್ಲಿ ನೀನು ಅರ್ಧ ಹೇಳುವಷ್ಟರಲ್ಲಿ ನಾನು ಕೂಗಾಡುತ್ತೇನೆ, ನಾನು ಅರ್ಧ ಕೂಗುವಷ್ಟರಲ್ಲಿ ನೀನು ಇಟ್ಟುಬಿಡುತ್ತೀಯ. ನೀನು ಮನೆ ಬಿಟ್ಟು ಹೋದಾಗಿನಿಂದ ಇದೇ ನಡೆದಿದೆ. ಕಾಗದಕ್ಕೆ ಆ ತೊಂದರೆ ಇಲ್ಲ. ಕೋಪ ಬಂದರೆ ಮಡಚಿಟ್ಟು, ಊಟ ಮಾಡಿ ಬಂದು ಮುಂದೆ ಓದಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಜ್ವರ ಪೂರ್ತಿ ಇಳಿದಿದೆ. ಆಸ್ಪತ್ರೆಯ ಮುಂದೆ ಹಾಕಿದ್ದ ಡೇರೆಗಳನ್ನೂ ಬಿಚ್ಚಿದರು. ಆದರೆ ಅದು ಹೋದ ಬೆನ್ನಿಗೇ ಊರಿಗೆ ಇನ್ನೊಂದು ಅಂಟಿಕೊಂಡಿದೆ, ವ್ಯಾಪಾರದ ಹುಚ್ಚು. ಡ್ರಾಯಿಂಗ್ ಮೇಷ್ಟ್ರು ಕೈ ತೊಳೆಯುವ ಸೋಪಿನ ನೀರು ಮಾಡಿ ಬಾಟಲಿಗೆ ತುಂಬುತ್ತಿದ್ದಾರೆ. ಬಾಟಲಿಯ ಮೇಲಿನ ಚಿತ್ರ ಬಹಳ ಚೆನ್ನಾಗಿದೆ, ನೊರೆ ಬರುವುದಿಲ್ಲ. ಬ್ಯಾಂಡ್‌ಸೆಟ್ಟಿನಲ್ಲಿ ಕಹಳೆ ಊದುತ್ತಿದ್ದವನು ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ಕೊಡುತ್ತಾನಂತೆ. "ಗಾಳಿ ವಿಷ್ಯದಲ್ಲಿ ನಂಗೆ ಅನುಭವ ಇದೆಯಲ್ಲಕ್ಕ" ಎಂದು ನನ್ನ ಮುಖಕ್ಕೇ ಹೇಳಿದ. ಗಂಡನನ್ನು ಕಳೆದುಕೊಂಡ ಎದುರುಮನೆಯಾಕೆ ಊಟದ ಡಬ್ಬಿ ಕಳಿಸುತ್ತಾಳೆ. ಲೈಸೆನ್ಸ್ ಕಚೇರಿಯ ಸಾಲು ಬೀದಿಯ ತಿರುವಿನವರೆಗೂ ಬಂದಿದೆ. ಅಲ್ಲಿನ ಗುಮಾಸ್ತ ಹೇಳುತ್ತಾನೆ, "ಜ್ವರದಿಂದ ಎದ್ದೋರೆಲ್ಲ ಯಜಮಾನರಾಗ್ತಿದಾರೆ. ನಾನೊಬ್ಬ ಮಲಗ್ಲಿಲ್ಲ ನೋಡಿ, ಗುಮಾಸ್ತನಾಗೇ ಉಳ್ಕೊಂಡೆ."

ನಗುತ್ತಾ ಬರುವಾಗ ದರ್ಜಿ ಸಿಕ್ಕಿದ. ಅವನ ಕೈಯಲ್ಲೂ ಅರ್ಜಿ. "ಇಷ್ಟು ವರ್ಷ ಬೇರೆಯವ್ರ ಅಂಗಡೀಲಿ ಹೊಲಿದೆ. ನಾಳೆ ಇರ್ತೀನೋ ಇಲ್ವೋ ಯಾರಿಗ್ಗೊತ್ತು. ನಂದೂ ಅಂತ ಒಂದು ಬೋರ್ಡು ಕಣ್ಣಲ್ಲಿ ನೋಡ್ಬಿಡ್ತೀನಿ" ಎಂದ. ಅದಕ್ಕೆ ನಗಲು ಆಗಲಿಲ್ಲ.

ಇಷ್ಟು ಹೊಸ ಬೋರ್ಡುಗಳ ನಡುವೆ ಹಳೆಯ ವ್ಯಾಪಾರವಾದ ನಮ್ಮ ಐಸ್ ಫ್ಯಾಕ್ಟರಿಯಲ್ಲಿ ಮಾತ್ರ ಮಾರಾಟ ನಿಂತುಹೋಗಿದೆ. ಬೇಸಗೆ ಬಾಗಿಲಿಗೆ ಬಂದಿದೆ, ಐಸಿನ ಗಡ್ಡೆಗಳು ಮರದ ಹೊಟ್ಟಿನಲ್ಲಿ ಹಾಗೇ ಮಲಗಿವೆ. ಜ್ಯೂಸಿನವನನ್ನು ಕೇಳಿದರೆ, "ಜನಕ್ಕೆ ಗಂಟ್ಲು ಸರಿ ಇಲ್ಲಕ್ಕ, ತಣ್ಣಗಿರೋದು ಕೇಳ್ತಿಲ್ಲ" ಎನ್ನುತ್ತಾನೆ. ಅವನ ಗಾಡಿಯ ಮುಂದೆ ಜನ ಜಾತ್ರೆ. ಪಕ್ಕದ ಊರಿನಿಂದ ಟಾರ್ಪಾಲು ಮುಚ್ಚಿಕೊಂಡು ಬರುವ ವ್ಯಾನಿನಲ್ಲಿ ಏನಿರುತ್ತದೆ ಎಂದು ತಿಳಿಯದಷ್ಟು ದಡ್ಡಿಯೇ ನಾನು?

ಜ್ವರದ ಕಾಲದಲ್ಲಿ ಆಸ್ಪತ್ರೆಯ ಶವಾಗಾರ ತುಂಬಿಹೋದಾಗ ನಮ್ಮ ಕೋಲ್ಡ್ ರೂಮ್ ಬಿಟ್ಟುಕೊಟ್ಟಿದ್ದೆ ಎಂದು ನಿನಗೆ ಹೇಳಿದ್ದೆನಲ್ಲ, ಹಣ್ಣಿನ ವ್ಯಾಪಾರಿಗಳು ಪೆಟ್ಟಿಗೆ ಇಡುತ್ತಿದ್ದ ಕೋಣೆ. ಬಾಡಿಗೆ ತೆಗೆದುಕೊಳ್ಳಲಿಲ್ಲ. ಎಲ್ಲ ಮುಗಿದ ಮೇಲೆ ಔಷಧಿ ಹಾಕಿ ತೊಳೆಸಿ, ಎರಡು ಸಲ ಬಣ್ಣ ಬಳಿಸಿದೆ. ಯಾರಿಗೂ ಅನುಮಾನ ಬೇಡವೆಂದು ಗೇಟಿಗೆ ಬೋರ್ಡು ಕೂಡ ಹಾಕಿಸಿದ್ದೇನೆ: "ಶವಗಳನ್ನು ಇಟ್ಟಿದ್ದ ಕೊಠಡಿಯನ್ನು ಸಂಪೂರ್ಣವಾಗಿ ತೊಳೆದು ಶುದ್ಧಗೊಳಿಸಲಾಗಿದೆ." ಡ್ರಾಯಿಂಗ್ ಮೇಷ್ಟ್ರ ಕೈಬರಹ, ಬೀದಿಯ ಆ ತುದಿಯಿಂದಲೂ ಓದಬಹುದು. ಇಷ್ಟು ಮಾಡಿದರೂ ಹೀಗೇಕೆ? ನೀನು ಮಶೀನು ಬಲ್ಲವನು. ಐಸಿನ ರುಚಿ ಏನಾದರೂ ಕೆಟ್ಟಿರಬಹುದೇ?

ನಿನ್ನ ಅಕ್ಕ


ಮಾರ್ಚ್ 15

ಅಕ್ಕನಿಗೆ,

ಬೋರ್ಡಿನ ವಿಷಯ ಓದುವಾಗ ಕೂತಿದ್ದವನು ಎದ್ದು ನಿಂತೆ. ಆ ಕೋಣೆಯ ಸಂಗತಿ ಅರ್ಧ ಊರಿಗೆ ಗೊತ್ತೇ ಇರಲಿಲ್ಲ ಅಕ್ಕ. ಆ ಅರ್ಧಕ್ಕೆ ನೀನೇ ದೊಡ್ಡ ಅಕ್ಷರದಲ್ಲಿ ಹೇಳಿದ್ದೀಯ. ಮೊದಲು ಅದನ್ನು ಇಳಿಸು. ಇಳಿಸಿದರೂ ಇನ್ನು ಪ್ರಯೋಜನವಿಲ್ಲ, ಆ ಮಾತು ಬೇರೆ.

ರುಚಿಗೆ ಏನೂ ಆಗಿಲ್ಲ. ಐಸಿನ ಟ್ಯಾಂಕು ಬೇರೆ, ಕೋಣೆ ಬೇರೆ, ನಡುವೆ ಗೋಡೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಕುಡಿಯುವವನ ಗಂಟಲಿಗೆ ಗೊತ್ತಾಗಬೇಕಲ್ಲ.

ಇಲ್ಲಿ ನಮ್ಮ ಹೋಟೆಲು ಮುಚ್ಚಿತು. ಎ.ಸಿ., ಫ್ರಿಜ್ಜು ನೋಡುತ್ತಿದ್ದ ನಮ್ಮನ್ನೆಲ್ಲ ಮನೆಗೆ ಕಳಿಸಿದರು. ನಾನೂ ಏನಾದರೂ ಸ್ವಂತದ್ದು ಶುರು ಮಾಡಬೇಕೆಂದಿದ್ದೇನೆ. ಪೂರ್ತಿ ಓದುವವರೆಗೆ ಕಾಗದ ಹರಿಯಬೇಡ.

ಒಂದು ಮನೆಯಲ್ಲಿ ಸಾವಾಗುತ್ತದೆ. ಬರಬೇಕಾದವರು ದೂರದಲ್ಲಿರುತ್ತಾರೆ. ಅವರು ಬರುವವರೆಗೆ ದೇಹವನ್ನು ಕೆಡದಂತೆ ಇಡಲು ಗಾಜಿನ ಮುಚ್ಚಳದ ತಣ್ಣನೆ ಪೆಟ್ಟಿಗೆ ಬೇಕು. ದೊಡ್ಡ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ, ನಮ್ಮ ಊರಿನ ಸುತ್ತ ಎಲ್ಲೂ ಇಲ್ಲ. ಪೆಟ್ಟಿಗೆ ನಾನು ಮಾಡುತ್ತೇನೆ. ಮನೆಯಲ್ಲಿ ಜಾಗವಿಲ್ಲದವರಿಗೆ ನಿನ್ನ ಕೋಲ್ಡ್ ರೂಮ್ ಇದೆ. ಹೆಸರು ಹೇಗೂ ಆಗಿಹೋಗಿದೆ. ಊರಿಗೆಲ್ಲ ಗೊತ್ತಾದದ್ದನ್ನು ಮುಚ್ಚಿಡಲು ಒದ್ದಾಡುವುದಕ್ಕಿಂತ ಅದನ್ನೇ ವ್ಯಾಪಾರ ಮಾಡುವುದು ಮೇಲು. ಈ ಬುದ್ಧಿ ನೀನೇ ಕಲಿಸಿದ್ದು.

ಗಂಟೆಗೆ ಎಷ್ಟು ಎಂದು ದರಪಟ್ಟಿ ಬರೆದು ಜೊತೆಗೆ ಇಟ್ಟಿದ್ದೇನೆ.

ನಿನ್ನ ತಮ್ಮ


ಮಾರ್ಚ್ 22

ತಮ್ಮಾ,

ನಿನ್ನ ಕಾಗದ ಓದಿ ಹೊಟ್ಟಿನ ಮೂಟೆಯ ಮೇಲೆ ಕೂತವಳು ಏಳಲಿಲ್ಲ. ಮಶೀನು ನೋಡಿಕೊಳ್ಳುವ ತಾತ ಬಂದು, "ಯಾರು ಹೋದ್ರಮ್ಮಾ?" ಎಂದು ಮೆಲ್ಲಗೆ ಕೇಳಿದ.

"ಯಾರೂ ಹೋಗಿಲ್ಲ. ನನ್ನ ತಮ್ಮ ವ್ಯಾಪಾರ ಶುರು ಮಾಡ್ತಾನಂತೆ."

"ಅದಕ್ಕೆ ಯಾಕೆ ಹೀಗೆ ಕೂತಿದೀರ? ಒಳ್ಳೇದೇ ಆಯ್ತಲ್ಲ."

ಯಾವ ವ್ಯಾಪಾರ ಎಂದು ಹೇಳದೆ ಅವನನ್ನು ಮಶೀನಿಗೆ ಎಣ್ಣೆ ಹಾಕಲು ಕಳಿಸಿದೆ.

ನಿನ್ನ ಭಾವ ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಒಂದು ತಳ್ಳುಗಾಡಿ ಮತ್ತು ಐಸು ಕೊಯ್ಯುವ ಗರಗಸ. ಕೈಬೆರಳು ಮರಗಟ್ಟುವವರೆಗೆ ಕೊಯ್ದು, ಬೀದಿ ಬೀದಿ ತಿರುಗಿ, ಇಷ್ಟು ಮಾಡಿದ್ದೇನೆ. ಊರು ನನ್ನನ್ನು ಐಸಕ್ಕ ಎನ್ನುತ್ತದೆ. ನನ್ನ ಐಸಿನಿಂದ ಮಕ್ಕಳ ನಾಲಿಗೆ ಕೆಂಪಾಗಬೇಕು, ಹಸಿರಾಗಬೇಕು, ಅವರಮ್ಮಂದಿರು ಬಯ್ಯಬೇಕು. ನಾನು ಕಟ್ಟಿದ್ದು ಆ ವ್ಯಾಪಾರ. ನಿನ್ನ ಮಾತು ಕೇಳಿದರೆ ಊರು ಇನ್ನೇನೆಂದು ಕರೆದೀತು, ನೀನೇ ಯೋಚಿಸು. ಜನ ಸಾಯಲಿ ಎಂದು ಬೆಳಿಗ್ಗೆ ಬಾಗಿಲು ತೆಗೆದು ಕೂರುವ ಹೆಣದ ವ್ಯಾಪಾರಿ ನಾನಾಗಲಾರೆ.

ಆ ಕೋಣೆಯ ಬಗ್ಗೆ ನೀನು ಬಹಳ ಸಲೀಸಾಗಿ ಬರೆಯುತ್ತೀಯ. ನಾನು ಆಸ್ಪತ್ರೆಯವರಿಗೆ ಬೀಗದ ಕೈ ಕೊಟ್ಟು, "ನಾನು ಆ ಕಡೆ ತಲೆ ಹಾಕಲ್ಲ, ನಿಮ್ಮ ಪಾಡಿಗೆ ನೀವು ನೋಡ್ಕೊಳ್ಳಿ" ಎಂದಿದ್ದೆ. ಅವರ ಬಳಿಯೂ ಜನ ಇರಲಿಲ್ಲ, ಇಟ್ಟು ಓಡುತ್ತಿದ್ದರು. ಒಂದು ದಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಹಾಕಲು ಹೋದವಳು ಒಳಗೆ ನೋಡಿದೆ. ಆಮೇಲೆ ದಿನವೂ ಹೋಗುತ್ತಿದ್ದೆ. ಹೆಚ್ಚು ಕೇಳಬೇಡ.

ನನ್ನದೇ ಒಂದು ಉಪಾಯವಿದೆ. ಹೂವಿನ ಅಂಗಡಿಯಾಕೆಯ ಜೊತೆ ಮಾತಾಡಿದ್ದೇನೆ. ಅವಳ ಹೂವನ್ನು ಕೋಲ್ಡ್ ರೂಮಿನಲ್ಲಿ ಇಡುತ್ತಾಳೆ. ಹೂವು ಬಂದರೆ ಜನ ಹಳೆಯದನ್ನು ಮರೆಯುತ್ತಾರೆ. ಬೋರ್ಡು ಇಳಿಸಿದ್ದೇನೆ.

ಅಕ್ಕ


ಏಪ್ರಿಲ್ 10

ತಮ್ಮಾ,

ಉತ್ತರವೇ ಇಲ್ಲ. ಕೋಪವೋ, ಕೆಲಸ ಸಿಕ್ಕಿತೋ? ಎರಡನೆಯದಾಗಿರಲಿ.

ಹೂವು ಎಂಟು ದಿನವೂ ನಿಲ್ಲಲಿಲ್ಲ. ಮದುವೆಗೆ ಹೂಗುಚ್ಛ ಕೊಂಡಿದ್ದವರು, ಅದನ್ನು ಎಲ್ಲಿ ಇಟ್ಟಿದ್ದೆಂದು ತಿಳಿದ ಕೂಡಲೇ ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು ಹೋದರಂತೆ. ಹಣ ಕೂಡ ವಾಪಸು ಕೇಳಲಿಲ್ಲವಂತೆ. ಹೂವಿನಾಕೆ ಬಂದು ಉಳಿದ ಹೂವನ್ನೆಲ್ಲ ಬುಟ್ಟಿಗೆ ತುಂಬಿಕೊಂಡಳು. "ಬೈದಿದ್ರೆ ತಡ್ಕೋತಿದ್ದೆ ಅಕ್ಕ. ಇಟ್ಬಿಟ್ಟು ಸುಮ್ನೆ ಹೋದ್ರು" ಎಂದಳು.

ಊರಿನ ಹೊಸ ಬೋರ್ಡುಗಳೂ ಒಂದೊಂದಾಗಿ ಇಳಿಯುತ್ತಿವೆ. ಮೇಷ್ಟ್ರು ಸೋಪು ಬಿಟ್ಟು ಇಳಿದ ಬೋರ್ಡುಗಳ ಹಿಂಬದಿಗೆ ಬಣ್ಣ ಬಳಿದು ಹೊಸದಾಗಿ ಬರೆದುಕೊಡುತ್ತಿದ್ದಾರೆ. ಊರಿನ ಈ ವ್ಯಾಪಾರದ ಹುಚ್ಚಿನಲ್ಲಿ ಲಾಭವಾಗಿರುವುದು ಅವರೊಬ್ಬರಿಗೇ ಇರಬೇಕು. ದರ್ಜಿಯದು ಮಾತ್ರ ಇನ್ನೂ ಇದೆ. ದಿನಾ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ.

ನಾನೂ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಮಳೆ ಬೀಳುವಷ್ಟರಲ್ಲಿ ನನ್ನ ಐಸು ಮತ್ತೆ ಊರಿನ ಗ್ಲಾಸಿಗೆ ಬೀಳಬೇಕು. ಇಲ್ಲವಾದರೆ ಮಶೀನು ಗುಜರಿಗೆ, ತಾತ ಅವನ ಮಗಳ ಮನೆಗೆ. ನಾನೆಲ್ಲಿಗೆ ಎಂದು ಇನ್ನೂ ಯೋಚಿಸಿಲ್ಲ.

ಅಕ್ಕ


ಏಪ್ರಿಲ್ 19

ಅಕ್ಕನಿಗೆ,

ಕೋಪವಲ್ಲ. ಒಂದು ವಿಷಯ ಬರೆಯಬೇಕಾಗಿತ್ತು, ಅದಕ್ಕೆ ಇಷ್ಟು ದಿನ ಹಿಡಿಯಿತು.

ಜ್ವರದಲ್ಲಿ ನಾನೂ ಮಲಗಿದ್ದೆ. ಇಲ್ಲಿನ ಆಸ್ಪತ್ರೆಯಲ್ಲಿ. ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೆ, ಫೋನು ಸಿಗುತ್ತಿರಲಿಲ್ಲ ಎಂದು ಆಮೇಲೆ ನಿನಗೆ ಹೇಳಿದ್ದು ಸುಳ್ಳು.

ನನ್ನ ಹಾಸಿಗೆಯ ನೇರಕ್ಕೆ ಒಂದು ಎ.ಸಿ. ಇತ್ತು, ಕೆಟ್ಟಿತ್ತು. ಬರುತ್ತಿದ್ದ ಸದ್ದು ಕೇಳಿದರೇ ನನಗೆ ಗೊತ್ತಾಗುತ್ತಿತ್ತು, ಫ್ಯಾನಿನ ಒಂದು ಸ್ಕ್ರೂ ಸಡಿಲ. ಅದನ್ನು ತಿರುಗಿಸಲು ಕೈ ಎತ್ತಬೇಕಲ್ಲ, ನನಗೆ ನೀರಿನ ಲೋಟ ಎತ್ತಲು ಆಗುತ್ತಿರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಸ್ ಕಂಡಕ್ಟರ್. "ಏನ್ರೀ ಮೆಕ್ಯಾನಿಕ್ಕು, ಎದೆ ಮೇಲೆ ಕೈ ಇಟ್ಕೊಂಡು ಮಲಗಿದೀರಲ್ಲ, ಡ್ಯೂಟಿ ಮಾಡ್ರೀ" ಎಂದು ನಗಿಸುತ್ತಿದ್ದ. ಒಂದು ಬೆಳಿಗ್ಗೆ ಅವನು ಮಾತಾಡಲಿಲ್ಲ.

ಶವಾಗಾರದಲ್ಲಿ ಜಾಗ ಇರಲಿಲ್ಲ. ಅವನನ್ನು ಪರದೆಯ ಹಿಂದೆ ಬಿಟ್ಟರು. ಆ ಸೆಖೆಯಲ್ಲಿ. ಮಗಳು ಬರುವಷ್ಟರಲ್ಲಿ ಚೀಲದಲ್ಲಿ ಹಾಕಿ ಕಟ್ಟಿಬಿಟ್ಟಿದ್ದರು. ಮುಖ ಒಂದು ತೋರಿಸಿ ಎಂದು ಅವಳು ಕೇಳುತ್ತಲೇ ಇದ್ದಳು. ವಾರ್ಡಿನವನು ಒಳ್ಳೆಯವನೇ, "ಬೇಡಮ್ಮ, ನೋಡೋ ಹಾಗಿಲ್ಲ" ಎಂದ. ಅವಳು ಅಳಲಿಲ್ಲ ಅಕ್ಕ. ಸರಿ ಎಂದು ತಲೆಯಾಡಿಸಿ, ನನ್ನ ಕಡೆ ತಿರುಗಿ, "ಇದು ನಮ್ಮಪ್ಪಂದೇ ಹಾಸಿಗೆನಾ?" ಎಂದು ಕೇಳಿದಳು. ಬೇರೆ ಯಾರದೋ ಆಗಿರಲಿ ಎನ್ನುವ ಹಾಗೆ.

ಪೆಟ್ಟಿಗೆಯ ಯೋಚನೆ ಬಂದದ್ದು ಅಲ್ಲಿಂದ. ಹೋಟೆಲಿನವರು ಎಸೆದಿದ್ದ ಐಸ್‌ಕ್ರೀಮಿನ ಪೆಟ್ಟಿಗೆಯೊಂದನ್ನು ತಂದು ಉದ್ದ ಮಾಡಿದ್ದೇನೆ. ಮೇಲಿದ್ದ ಐಸ್‌ಕ್ರೀಮಿನ ಚಿತ್ರ ಕೆರೆದು ತೆಗೆದಿದ್ದೇನೆ. ಚೆನ್ನಾಗಿ ತಣ್ಣಗಾಗುತ್ತದೆ.

ನೀನು ಕೇಳುತ್ತೀಯ ಎಂದು ಗೊತ್ತು, ನಾನೇ ಹೇಳುತ್ತೇನೆ. ಯಾರಿಗೆ ಸುದ್ದಿ ಕೊಡಬೇಕು ಎಂದು ನರ್ಸ್ ಕೇಳಿದಳು. ಬರುವವರು ಯಾರೂ ಇಲ್ಲ ಎಂದೆ. ಹೇಳಿದರೆ ನೀನು ಬಂದೇ ಬರುತ್ತೀಯ ಎಂದು ಗೊತ್ತಿತ್ತು. ಬಂದು ನೀನೂ ಪಕ್ಕದಲ್ಲಿ ಮಲಗುವುದು ಬೇಡವಾಗಿತ್ತು.

ನಿನ್ನ ತಮ್ಮ


ಏಪ್ರಿಲ್ 27

ಕಾಗದ ಬಂದಿದೆ. ಉತ್ತರ ಬರೆಯಲು ಕೂತರೆ ಆಗುತ್ತಿಲ್ಲ.

ಬರುವವರು ಯಾರೂ ಇಲ್ಲ ಎಂದೆಯಾ.

ಅಂಥವರು ನನ್ನ ಕೋಣೆಯಲ್ಲೂ ಇದ್ದರು. ಕಾಲಿಗೆ ಕಟ್ಟಿದ ಚೀಟಿಯಲ್ಲಿ ಹಾಗೆಂದೇ ಬರೆದಿರುತ್ತಿತ್ತು. ಯಾರ ಮನೆಯ ಮಗನೋ ಎಂದುಕೊಂಡು ಮುಖ ಒರೆಸುತ್ತಿದ್ದೆ. ನಮ್ಮ ಮನೆಯದಾಗಬಹುದಿತ್ತು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಊಟ ಸರಿಯಾಗಿ ಮಾಡು.

ಅಕ್ಕ


ಮೇ 9

ತಮ್ಮಾ,

ಕೇಳು. ಮೊನ್ನೆ ಮಧ್ಯಾಹ್ನ ಜ್ಯೂಸಿನವನು ಬಂದ. ಗೇಟಿನ ಹೊರಗೇ ನಿಂತ. ವ್ಯಾಪಾರದ ನಡುವೆ ಎದ್ದು ಬಂದಿದ್ದ, ಬೆರಳುಗಳಲ್ಲಿ ಹಣ್ಣಿನ ಬಣ್ಣ ಇನ್ನೂ ಇತ್ತು. ಐಸಿಗೇ ಬಂದ ಎಂದುಕೊಂಡು ತಾತನನ್ನು ಕೂಗಿಯೂಬಿಟ್ಟೆ.

"ಅಕ್ಕಾ, ಅಮ್ಮ ಹೋಗ್ಬಿಟ್ಲು" ಎಂದ.

ಅವನ ತಂಗಿ ದೂರದಿಂದ ಬರಬೇಕು, ಎರಡು ದಿನದ ದಾರಿ. ಮನೆ ಎಂದರೆ ಒಂದೇ ಕೋಣೆ, ಮೇಲೆ ತಗಡು. "ನಿಮ್ಮಲ್ಲಿ ಇಡೋಕಾಗುತ್ತಾ?" ಎಂದು ಕೇಳಿದ.

 ನನ್ನ ಬಾಯಿಗೆ ಬಂದದ್ದು ಇದು: "ಅಲ್ಲಯ್ಯಾ, ನಿನ್ನ ಗ್ಲಾಸಿಗೆ ಬೇಡವಾದ ಐಸು ನಿನ್ನಮ್ಮನಿಗೆ ಆಗುತ್ತಾ?"

ಅವನು ನೆಲ ನೋಡಿಕೊಂಡೇ ಹೇಳಿದ. "ನಮ್ಮ ಮಾವ ಜ್ವರದಲ್ಲಿ ಹೋದಾಗ ಇಲ್ಲೇ ಇದ್ರು. ನಾವು ನೋಡೋಕೆ ಬಂದಾಗ ಮುಖ ತೊಳೆದು, ತಲೆ ಬಾಚಿತ್ತು. ಕ್ರಾಪು ಬಲಕ್ಕೆ ತೆಗೆದಿತ್ತು, ಅವ್ರು ತೆಗೀತಿದ್ದಿದ್ದು ಎಡಕ್ಕೆ. ಐಸಕ್ಕ ಮಾಡಿದ್ದು ಅಂತ ವಾರ್ಡಿನವ್ರು ಹೇಳಿದ್ರು. ಅದಕ್ಕೇ ಬಂದೆ. ಏನ್ ಕೊಡ್ಬೇಕು ಹೇಳಿ, ಕೊಡ್ತೀನಿ."

ತಮ್ಮಾ, ಆಗ ನನ್ನೊಳಗಿನ ವ್ಯಾಪಾರಿ ಎದ್ದು ಕೂತಳು. "ದುಡ್ಡು ಬೇಡ. ನಿನ್ನ ಕೆಲಸವೆಲ್ಲ ಮುಗಿದ ಮೇಲೆ ನನ್ನ ಐಸು ತಗೊಂಡು ಹೋಗಿ ಗಾಡಿ ಮೇಲೆ ಇಡು. ಎಲ್ಲರ ಎದುರು ಮೊದಲ ಗ್ಲಾಸು ನೀನೇ ಕುಡಿ" ಎಂದೆ. ಅವನು ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ.

ತಂಗಿ ಈವತ್ತು ಬೆಳಿಗ್ಗೆ ಬಂದಳು. ಅಮ್ಮನ ಕೆನ್ನೆ ಮುಟ್ಟಿ, "ಎರಡು ದಿನ ಕಾಯೋಕಾಗ್ಲಿಲ್ವಾ ನಿಂಗೆ?" ಎಂದು ಜಗಳಕ್ಕೆ ನಿಂತವಳ ಹಾಗೆ ಕೇಳಿದಳು. ಅಮ್ಮನ ಸೆರಗು ಸರಿಪಡಿಸಿ ಅವಳೇ, "ಕಾದಿದೀಯಲ್ಲ" ಎಂದಳು. ನಾನು ಹೊರಗೆ ಬಂದುಬಿಟ್ಟೆ.

ಇನ್ನು ನಮ್ಮ ಐಸು ಹೋಗುತ್ತದೆ. ಒಬ್ಬ ಕುಡಿದರೆ ಊರೂ ಕುಡಿಯುತ್ತದೆ, ನೋಡುತ್ತಿರು.

ಅಕ್ಕ


ಮೇ 16

ಅಕ್ಕನಿಗೆ,

ನನ್ನನ್ನು ಹೆಣದ ವ್ಯಾಪಾರಿ ಎಂದೆಯಲ್ಲ. ಅಮ್ಮ ಸತ್ತಳೆಂದು ನಿನ್ನ ಗೇಟಿಗೆ ಬಂದವನಿಗೆ ಶರತ್ತು ಹಾಕಿದವಳು ಯಾರು? ನನ್ನ ದರಪಟ್ಟಿಯಲ್ಲಿ ಬರೆದದ್ದು ಬರಿಯ ದುಡ್ಡು. ನೀನು ಕೇಳಿದ್ದು ಅದಕ್ಕಿಂತ ದುಬಾರಿ.

ಓದಿದಾಗಿನಿಂದ ಮನಸ್ಸು ಸರಿಯಿಲ್ಲ. ನೀನು ಹೀಗೆ ಮಾಡುತ್ತೀಯ ಎಂದುಕೊಂಡಿರಲಿಲ್ಲ.

ತಮ್ಮ


ಮೇ 24

ತಮ್ಮಾ,

ನಿನ್ನ ಕಾಗದ ಮಡಚಿಟ್ಟು, ಊಟ ಮಾಡಿ ಬಂದು ಓದುವ ಹಾಗಿರಲಿಲ್ಲ. ನಾಲ್ಕೇ ಸಾಲು, ನಿಂತಲ್ಲೇ ಮುಗಿಯಿತು. ಸರಿಯಾಗಿಯೇ ಬರೆದಿದ್ದೀಯ.

ಜ್ಯೂಸಿನವನು ಮಾತಿಗೆ ತಪ್ಪಲಿಲ್ಲ. ಬಂದು ಒಂದು ಗಡ್ಡೆ ಹೊತ್ತುಕೊಂಡು, ಗೋಣಿ ಕೂಡ ಮುಚ್ಚದೆ, ನಡುಬೀದಿಯಲ್ಲೇ ಒಯ್ದ. ನಾನು ಎದುರಿನ ದರ್ಜಿ ಅಂಗಡಿಯಲ್ಲಿ ಕೂತು ನೋಡುತ್ತಿದ್ದೆ. ಆವತ್ತು ಪಕ್ಕದ ಊರಿನ ಐಸು ತರಿಸಿರಲಿಲ್ಲ. ನಮ್ಮ ಐಸು ಪುಡಿ ಮಾಡಿದ, ಗ್ಲಾಸಿಗೆ ಹಾಕಿದ, ಎಲ್ಲರ ಎದುರು ನಿಂತು ಕುಡಿದ. ಅದು ಅವನ ಗಂಟಲಲ್ಲಿ ಇಳಿಯುವುದನ್ನು ಸಾಲಿನಲ್ಲಿ ನಿಂತವರೆಲ್ಲ ನೋಡಿದರು. 

ಆಮೇಲೆ ಮೊದಲನೆಯವನು ಗ್ಲಾಸು ಮುಂದೆ ಹಿಡಿದು, "ನಂಗೆ ಐಸಿಲ್ದೆ ಕೊಡು" ಎಂದ. ಅವನ ಹಿಂದಿನವನೂ ಅದನ್ನೇ ಹೇಳಿದ. ಒಂದು ಮಗು ಕೈ ತೋರಿಸಿ ಐಸು ಬೇಕೆಂದಿತು, ಅದರಮ್ಮ ಕೈ ಕೆಳಗೆ ಎಳೆದಳು. ಆ ಬಿಸಿಲಲ್ಲಿ ಅಷ್ಟು ಜನ ಬೆಚ್ಚನೆಯ ಜ್ಯೂಸು ಕುಡಿದು ಹೋದರು. ಒಬ್ಬರೂ ಜಗಳವಾಡಲಿಲ್ಲ, ಗಾಡಿಯನ್ನು ಬಿಟ್ಟೂ ಹೋಗಲಿಲ್ಲ. ಗಡ್ಡೆ ಅಲ್ಲೇ ಕರಗಿ ಚರಂಡಿಗೆ ಹರಿಯಿತು.

ದರ್ಜಿ ಹೊಲಿಗೆ ನಿಲ್ಲಿಸಿ, "ಅಕ್ಕಾ, ಅವ್ರಿಗೆ ನಿಮ್ಮ ಮೇಲೆ ಕೋಪ ಇಲ್ಲ. ಅವ್ರ ಮನೆಯವ್ರೆಲ್ಲ ಅಲ್ಲಿದ್ರಲ್ಲ, ಅದನ್ನ ಹೇಗೆ ಕುಡೀತಾರೆ?" ಎಂದ. ಇಷ್ಟು ತಿಂಗಳು ನಾನು ಅವರಿಗೆ ಅಸಹ್ಯ ಎಂದುಕೊಂಡಿದ್ದೆ, ತಮ್ಮಾ.

ಜ್ಯೂಸಿನವನು ಸಂಜೆ ಬಂದು, "ನಾಳೆನೂ ತಗೊಂಡ್ ಹೋಗ್ತೀನಕ್ಕ, ನೋಡೋಣ" ಎಂದ. ಕುಡಿದದ್ದು ಅವನಿಗೆ ಇನ್ನೂ ಇಳಿದಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಬೇಡಪ್ಪಾ, ಸಾಕು. ಕೇಳಬಾರದ್ದು ಕೇಳಿದೆ" ಎಂದೆ. ಅವನು ಅಲ್ಲೇ ಮೂಟೆಯ ಮೇಲೆ ಕೂತು, ಅವನಮ್ಮನ ಬಗ್ಗೆ ಬಹಳ ಹೊತ್ತು ಮಾತಾಡಿ ಹೋದ.

ಐಸಿನ ಟ್ಯಾಂಕು ನಿಲ್ಲಿಸಿದೆ. ತಾತ ಸ್ವಿಚ್ಚು ಆರಿಸಿದಾಗ ಆದ ನಿಶ್ಶಬ್ದಕ್ಕೆ ಇಬ್ಬರೂ ಬೆಚ್ಚಿಬಿದ್ದೆವು. ಕೋಣೆಯ ಮಶೀನು ನಡೆಯುತ್ತಿದೆ.

ನೀನು ಪೆಟ್ಟಿಗೆ ತೆಗೆದುಕೊಂಡು ಬಾ. ಹಗಲಲ್ಲೇ ತಾ, ಕದ್ದು ತರುವಂಥದ್ದೇನೂ ಅಲ್ಲ. ವ್ಯಾಪಾರವೇ ಮಾಡೋಣ, ದಾನ ಬೇಡ. ದಾನವೆಂದರೆ ಜನ ಕೇಳಲು ಹಿಂಜರಿಯುತ್ತಾರೆ. ಆದರೆ ಗಂಟೆಯ ಲೆಕ್ಕ ನಡೆಯುವುದಿಲ್ಲ. ಗಂಟೆಗೆ ಇಷ್ಟು ಎಂದರೆ, ಬರುತ್ತಿರುವವರು ದಾರಿಯುದ್ದಕ್ಕೂ ಹಣ ಎಣಿಸುತ್ತಾ ಬರುತ್ತಾರೆ. ಬರಬೇಕಾದವರು ಬಂದು ಮುಖ ನೋಡುವವರೆಗೆ ಒಂದೇ ದರ. ರೈಲು ತಡವಾದರೆ ನಷ್ಟ ನಮ್ಮದು. ದರ ಎಷ್ಟೆಂಬುದು ನನಗೆ ಬಿಡು, ಅದರಲ್ಲಿ ನೀನು ಇನ್ನೂ ಎಳಸು.

ಬರುವವರು ಯಾರೂ ಇಲ್ಲ ಎಂಬ ಚೀಟಿಯೊಂದಿಗೆ ಯಾರಾದರೂ ಬಂದರೆ ಮಾತ್ರ ಆ ಮಾತನ್ನು ನಾವು ನಂಬುವುದಿಲ್ಲ. ಇಟ್ಟುಕೊಂಡು ಹುಡುಕುತ್ತೇವೆ. ಎಲ್ಲೋ ಒಬ್ಬಳು ಅಕ್ಕ, ಏನೂ ಗೊತ್ತಿಲ್ಲದೆ, ಐಸು ಮಾರಿಕೊಂಡಿರುತ್ತಾಳೆ.

ನಿನ್ನ ಅಕ್ಕ